ಎದುರಾಳಿಯ ಅಂಗಿ

೪ ಜೂನ್

ಅಕ್ಕಾ,

ಬಂದು ತಲುಪಿದ್ದೇನೆ. ಬಸ್ಸಿಳಿದ ಕೂಡಲೇ ತಿಳಿಸು ಎಂದಿದ್ದೆ, ತಡವಾಯಿತು, ಬೈಯಬೇಡ. ನಮ್ಮ ಫೋನುಗಳೆಲ್ಲ ಆಫೀಸಿನ ಕಪಾಟಿನಲ್ಲಿವೆ. ಶಿಬಿರ ಮುಗಿಯುವವರೆಗೆ ಫೋನಿಲ್ಲ, ಬೇಕಾದರೆ ಕಾಗದ ಬರೆದುಕೊಳ್ಳಿ ಎಂದು ಕೋಚ್ ಹೇಳಿದರು. ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ಎಲ್ಲರೂ ನಕ್ಕರು. ನಾನು ಮಾತ್ರ ಅಂಚೆಪೆಟ್ಟಿಗೆ ಎಲ್ಲಿದೆ ಎಂದು ಕೇಳಿಕೊಂಡು ಬಂದೆ.

ಹಾಲ್ ನೋಡಿದರೆ ನಿನಗೆ ತಲೆ ತಿರುಗುತ್ತದೆ. ಟೇಬಲ್ ಟೆನಿಸ್‌ಗೆಂದೇ ಎಂಟು ಟೇಬಲ್, ಕಾಲಿಗೆ ಮೆತ್ತಗೆ ಸಿಗುವ ಕೆಂಪು ನೆಲ, ಚೆಂಡಿನ ನೆರಳೇ ಬೀಳದಂಥ ದೀಪಗಳು. ಮಲಗುವ ಕೋಣೆಯಲ್ಲಿ ಎರಡು ಮಂಚ. ಇನ್ನೊಂದು ಮಂಚ ಯಾರದು ಹೇಳು? ಕ್ಯಾಪ್ಟನ್‌ದು. ಟಿವಿಯಲ್ಲಿ ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವಲ್ಲ, ಅವಳೇ. ನನಗೆ ಖುಷಿ ತಡೆಯಲಾಗಲಿಲ್ಲ. ಚೆನ್ನಾಗಿದ್ದೀರಾ ಎಂದು ಮಾತಾಡಿಸಿದೆ. ಅವಳು ನನ್ನ ಕಡೆ ಒಂದು ಸಲ ನೋಡಿ, ಹಾಸಿಗೆ ಸುತ್ತಿಕೊಂಡು ಪಕ್ಕದ ಕೋಣೆಗೆ ಹೋಗಿಬಿಟ್ಟಳು.

ಊಟಕ್ಕೆ ಕೂತರೆ ಎದುರಿಗಿದ್ದ ಮೂವರು ತಟ್ಟೆ ಎತ್ತಿಕೊಂಡು ಎದ್ದರು. ಬಚ್ಚಲಿಗೆ ಹೋಗಿ ನನ್ನ ಅಂಗಿ ಮೂಸಿ ನೋಡಿಕೊಂಡೆ. ವಾಸನೆ ಏನೂ ಇರಲಿಲ್ಲ. ನಾನು ಏನು ತಪ್ಪು ಮಾಡಿದೆ ಅಕ್ಕಾ? ಯಾರ ಜೊತೆಗೂ ಇನ್ನೂ ಒಂದು ಆಟವನ್ನೂ ಆಡಿಲ್ಲ.

ನವೆಂಬರಿನ ದೊಡ್ಡ ಟೂರ್ನಿಗೆ ಇಲ್ಲಿಂದ ಹೋಗುವುದು ಇಬ್ಬರು ಮಾತ್ರ. ಅದಕ್ಕೆ ನಾನೂ ಸ್ಪರ್ಧೆಯಲ್ಲಿದ್ದೇನೆ ಎಂದುಕೊಂಡಿದ್ದೇನೆ. ಅಪ್ಪನಿಗೆ ಊಟದ ವಿಷಯ ಹೇಳಬೇಡ.

ನಿನ್ನ ಬೆಣ್ಣೆ

೧೧ ಜೂನ್

ಬೆಣ್ಣೆ,

ಅಂಗಿ ಮೂಸಿ ನೋಡಿಕೊಂಡೆಯಾ? ನಿನ್ನನ್ನು ಕಟ್ಟಿಕೊಂಡು ನಾನು ಏನು ಮಾಡಲಿ?

ಅವರಿಗೆ ಹೊಟ್ಟೆಕಿಚ್ಚು ಕಣೇ. ಅಷ್ಟೂ ಗೊತ್ತಾಗುವುದಿಲ್ಲವಾ? ಹೊಸ ಹುಡುಗಿ, ಎಡಗೈ ಆಟ, ಯಾವ ಪರೀಕ್ಷೆಯೂ ಇಲ್ಲದೆ ನೇರವಾಗಿ ಕರೆ ಬಂದಿದೆ. ತನ್ನ ಕುರ್ಚಿ ಅಲ್ಲಾಡುತ್ತಿದೆ ಎಂದು ಆ ಕ್ಯಾಪ್ಟನ್‌ಗೆ ಗೊತ್ತಾಗಿದೆ. ಅದಕ್ಕೇ ಹಾಸಿಗೆ ಸುತ್ತಿಕೊಂಡು ಹೋದಳು. ನಾನಾಗಿದ್ದರೆ ದಿಂಬನ್ನೂ ಅವಳ ಹಿಂದೆಯೇ ಎಸೆದಿರುತ್ತಿದ್ದೆ.

ನಿನಗೆ ಬೆಣ್ಣೆ ಎಂದು ಹೆಸರಿಟ್ಟವಳು ನಾನೇ. ಶಾಲೆಯ ಫೈನಲ್‌ನಲ್ಲಿ ಎದುರಿನ ಹುಡುಗಿ ಅತ್ತಳೆಂದು ಬೇಕೆಂದೇ ಎರಡು ಸರ್ವಿಸ್ ನೆಟ್ಟಿಗೆ ಹೊಡೆದೆ. ಅವಳು ಕಣ್ಣೊರೆಸಿಕೊಂಡು ಕಪ್ ತೆಗೆದುಕೊಂಡು ಹೋದಳು, ನೀನು ನಿಂತು ಚಪ್ಪಾಳೆ ತಟ್ಟಿದೆ. ಅವತ್ತು ಮನೆ ಸೇರುವವರೆಗೆ ನಾನು ನಿನ್ನ ಜೊತೆ ಮಾತಾಡಲಿಲ್ಲ, ನೆನಪಿದೆಯಾ? ಕೈಯಲ್ಲಿ ಅಷ್ಟು ಆಟ ಇಟ್ಟುಕೊಂಡು ಎದೆಯಲ್ಲಿ ಚೂರೂ ಕೆಚ್ಚಿಲ್ಲದಿದ್ದರೆ ಯಾರಿಗೆ ಉರಿಯುವುದಿಲ್ಲ?

ಇನ್ನು ಮೇಲೆ ನಾನು ಹೇಳಿದ ಹಾಗೆ ಮಾಡು. ಅವಳನ್ನು ನೋಡಿ ನಗಬೇಡ. ಮಾತಾಡಿಸಬೇಡ. ಅವಳು ನಿಂತಿರುವ ಜಾಗ ನಿನ್ನದು, ನಿನ್ನಿಂದ ಕಿತ್ತುಕೊಂಡು ನಿಂತಿದ್ದಾಳೆ ಎಂದುಕೊಂಡೇ ದಿನಾ ಬ್ಯಾಟ್ ಹಿಡಿ. ಕನಿಕರವನ್ನು ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದುಕೋ, ನಾನು ಜೋಪಾನವಾಗಿ ಇಟ್ಟಿರುತ್ತೇನೆ.

ಅಂಗಡಿಯಲ್ಲಿ ಯೂನಿಫಾರ್ಮಿನ ಕಾಲ, ಹೊಲಿಗೆ ಮಿಷನ್ನಿಗೂ ನನಗೂ ಉಸಿರಾಡಲು ಪುರುಸೊತ್ತಿಲ್ಲ. ಅಪ್ಪ ಬಂದವರಿಗೆಲ್ಲ ನಿನ್ನ ಫೋಟೋ ತೋರಿಸುತ್ತಿದ್ದಾರೆ. ನಿನ್ನೆ ಪ್ಯಾಂಟ್ ಗಿಡ್ಡ ಮಾಡಿಸಲು ಬಂದವನೊಬ್ಬ ನಿನ್ನ ಪುರಾಣವನ್ನೆಲ್ಲ ಕೇಳಿ, ಅಳತೆ ಕೊಡುವುದನ್ನೇ ಮರೆತು ಹೋದ.

ಅಕ್ಕ

೨೩ ಜೂನ್

ಅಕ್ಕಾ,

ನನ್ನ ಜಡೆ ಕತ್ತರಿಸಿದರು. ಈಗ ಕೂದಲು ಕಿವಿಯವರೆಗೆ ಮಾತ್ರ ಇದೆ, ಕುತ್ತಿಗೆಯ ಹಿಂದೆ ಮಿಷನ್ ಹಾಕಿದ್ದಾರೆ. ನನ್ನನ್ನು ಯಾರೂ ಕೇಳಲಿಲ್ಲ. ಕ್ಷೌರದವನನ್ನು ಹಾಲ್‌ಗೇ ಕರೆಸಿದ್ದರು. ಕೋಚ್ ಪಕ್ಕದಲ್ಲಿ ನಿಂತು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತಿದ್ದರು. ಮುಗಿದ ಮೇಲೆ ಕನ್ನಡಿ ಕೊಟ್ಟರು. ಕನ್ನಡಿಯಲ್ಲಿ ನನ್ನ ಗುರುತು ನನಗೇ ಸಿಗಲಿಲ್ಲ.

ನನಗೊಂದು ವಿಶೇಷ ಜವಾಬ್ದಾರಿ ಇದೆ ಎಂದು ಕೋಚ್ ಹೇಳಿದ್ದಾರೆ. ಎಲ್ಲರಿಗೂ ನೀಲಿ ಅಂಗಿ, ನನಗೊಬ್ಬಳಿಗೆ ಹಸಿರು. ದಿನಾ ಬೆಳಿಗ್ಗೆ, ಸಂಜೆ ಕ್ಯಾಪ್ಟನ್ ಆಡುವುದು ನನ್ನ ಜೊತೆಯೇ. ಬೇರೆ ಯಾರಿಗೂ ಅವಳ ಟೇಬಲ್ಲಿಗೆ ಬರಲು ಅವಕಾಶವಿಲ್ಲ.

ನೀನು ಹೇಳಿದ ಹಾಗೆ ನಗುವುದು ಬಿಟ್ಟಿದ್ದೇನೆ. ಅದೇನೂ ಕಷ್ಟವಾಗಲಿಲ್ಲ, ನಗಿಸುವವರು ಯಾರೂ ಇಲ್ಲ.

ಬೆಣ್ಣೆ

೧ ಜುಲೈ

ಬೆಣ್ಣೆ,

ಜಡೆಯ ಸುದ್ದಿ ಓದಿ ಎದೆ ಧಸಕ್ಕೆಂದಿತು. ಅಷ್ಟು ವರ್ಷ ಎಣ್ಣೆ ಹಚ್ಚಿ ಬಾಚಿದ ಕೈ ನನ್ನದು. ಆಮೇಲೆ ಮುಂದಿನದು ಓದಿದೆ, ಜೀವ ಬಂತು.

ನಿನಗೆ ಬರೆಯಲು ಬರುತ್ತದೆ, ಓದಲು ಬರುವುದಿಲ್ಲ ನೋಡು. ಎಲ್ಲರಿಗೂ ನೀಲಿ, ನಿನಗೊಬ್ಬಳಿಗೆ ಹಸಿರು ಎಂದರೆ ಏನರ್ಥ? ನಿನ್ನನ್ನು ಬೇರೆಯೇ ಸಾಲಿನಲ್ಲಿ ನಿಲ್ಲಿಸಿದ್ದಾರೆ ಎಂದು. ಕ್ಯಾಪ್ಟನ್ ನಿನ್ನ ಜೊತೆ ಮಾತ್ರ ಆಡುವುದೆಂದರೆ ನೀವಿಬ್ಬರೇ ಆ ಇಬ್ಬರು ಎಂದು. ಕೂದಲಿನ ಆಸೆ ಬಿಡು, ಅದು ಬೆಳೆಯುತ್ತದೆ.

ನಾನಂತೂ ಅಂಗಡಿಯಲ್ಲಿ ಎಲ್ಲರಿಗೂ ಹೇಳಿಯಾಯಿತು. ಅಪ್ಪ ಟಿವಿ ರಿಪೇರಿ ಮಾಡಿಸಿದರು. ಆ ಕ್ಯಾಪ್ಟನ್ ಹೇಗಿದ್ದಾಳೆ? ಮುಖ ಇಳಿದಿದೆಯಾ? ಇಳಿದಿದ್ದರೆ ನನಗೆ ತಪ್ಪದೆ ತಿಳಿಸು, ಇಲ್ಲಿ ಮನರಂಜನೆ ಕಡಿಮೆ.

ಅಕ್ಕ

೧೪ ಜುಲೈ

ಅಕ್ಕಾ,

ಇನ್ನು ಮುಚ್ಚಿಡಲು ಆಗುವುದಿಲ್ಲ. ನನಗೆ ನಾಲ್ಕನೇ ದಿನವೇ ಗೊತ್ತಿತ್ತು. ಅಪ್ಪ ಬಂದವರಿಗೆಲ್ಲ ನನ್ನ ಫೋಟೋ ತೋರಿಸುತ್ತಿದ್ದರು, ಆಮೇಲೆ ನೀನೂ ಎಲ್ಲರಿಗೂ ಹೇಳಿಕೊಂಡೆ, ಅದಕ್ಕೇ ಬರೆಯಲು ನಾಚಿಕೆಯಾಯಿತು.

ನಾನು ಸ್ಪರ್ಧೆಯಲ್ಲಿ ಇಲ್ಲ. ಬೇರೆ ದೇಶದ ಒಬ್ಬ ಎಡಗೈ ಆಟಗಾರ್ತಿ ಇದ್ದಾಳೆ, ಕ್ಯಾಪ್ಟನ್ ಅವಳಿಗೆ ಪ್ರತಿ ಸಲವೂ ಸೋತಿದ್ದಾಳೆ. ಆಗಸ್ಟಿನ ಸಣ್ಣ ಟೂರ್ನಿಯಲ್ಲಿ ಮತ್ತೆ ಅವಳೇ ಎದುರಾಗುತ್ತಾಳೆ. ಆ ಹುಡುಗಿಯ ಹಾಗೆ ಆಡಲು ಒಬ್ಬ ನಕಲಿ ಬೇಕಿತ್ತು. ಎಡಗೈ, ಅದೇ ಎತ್ತರ, ಅದೇ ಮೈಕಟ್ಟು. ಅದಕ್ಕೇ ನನಗೆ ನೇರವಾಗಿ ಕರೆ ಬಂದದ್ದು. ನಾನು ಯಾಕೆ ಬರುತ್ತೇನೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು, ಅದಕ್ಕೇ ಮೊದಲ ದಿನವೇ ತಟ್ಟೆ ಎತ್ತಿಕೊಂಡು ಎದ್ದದ್ದು. ಹಸಿರು ಅಂಗಿ ಅವರ ತಂಡದ್ದು. ಜಡೆ ತೆಗೆಸಿದ್ದು ಅವಳ ಫೋಟೋ ನೋಡಿಕೊಂಡು.

ನಾನು ಕೋಚ್ ಹತ್ತಿರ ಹೋಗಿ, ನನ್ನ ಸರದಿ ಯಾವಾಗ ಎಂದು ಕೇಳಿದೆ. ಅವರು ಕೋಪದಿಂದೇನೂ ಹೇಳಲಿಲ್ಲ. “ನೀನು ಆಡೋಕೆ ಬಂದಿಲ್ಲಮ್ಮ, ಆಡಿಸೋಕೆ ಬಂದಿದ್ದೀಯ” ಎಂದರು. ಆಮೇಲೆ ನನ್ನನ್ನು ಮಧ್ಯದಲ್ಲಿ ನಿಲ್ಲಿಸಿ ಎಲ್ಲರಿಗೂ ಹೇಳಿದರು. “ಇವತ್ತಿಂದ ಇವಳನ್ನ ಇವಳ ಹೆಸರಿಂದ ಯಾರೂ ಕರೀಬಾರದು. ಇವಳೇ ಆ ಎಡಗೈಯವಳು. ಇವಳ ಜೊತೆ ಕೂತು ಉಂಡ್ರೆ, ನಾಳೆ ಅವಳ ಎದುರು ನಿಮ್ಮ ಕೈ ಮೆತ್ತಗಾಗತ್ತೆ.”

ಈಗ ಎಲ್ಲರೂ ನನ್ನನ್ನು ಆ ಹುಡುಗಿಯ ಹೆಸರಿನಿಂದಲೇ ಕರೆಯುತ್ತಾರೆ. ಊಟ ಹಾಕುವ ಅಮ್ಮ ಕೂಡ. ದಿನಾ ಮಧ್ಯಾಹ್ನ ಅವಳ ವಿಡಿಯೋ ನೋಡುತ್ತೇನೆ. ಅವಳು ಸರ್ವಿಸ್‌ಗೆ ಮುಂಚೆ ಹೆಬ್ಬೆರಳು ನೆಕ್ಕಿ ಚಡ್ಡಿಗೆ ಒರೆಸುತ್ತಾಳೆ, ಪಾಯಿಂಟ್ ಗೆದ್ದರೆ ಬೆನ್ನು ತಿರುಗಿಸಿ ನಗುತ್ತಾಳೆ. ಆ ನಗುವನ್ನು ನನ್ನಿಂದ ಎಷ್ಟು ಸಲ ಮಾಡಿಸಿದರೋ. ಕ್ಯಾಪ್ಟನ್ ಹೊಡೆದ ಚೆಂಡು ನನ್ನ ಕುತ್ತಿಗೆಗೆ ಬಿದ್ದರೆ ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ.

ಮೊನ್ನೆ ನನ್ನ ಆಟ ಆಡಿ ನೋಡೋಣ ಎಂದು ಒಬ್ಬಳೇ ಗೋಡೆಗೆ ಹೊಡೆದೆ. ನನ್ನ ಸರ್ವಿಸ್ ಹೇಗಿತ್ತೆಂದು ನೆನಪಾಗಲಿಲ್ಲ. ಕೈ ಅವಳದನ್ನೇ ಹಾಕಿತು. ಅಲ್ಲೇ ಕೂತುಬಿಟ್ಟೆ ಅಕ್ಕಾ.

ಬೆಣ್ಣೆ

೧೯ ಜುಲೈ

ಬೆಣ್ಣೆ,

ನಿನ್ನ ಕಾಗದ ಓದುವಾಗ ಕತ್ತರಿ ಕೈಯಲ್ಲಿತ್ತು. ಒಬ್ಬರ ಹೊಸ ಅಂಗಿಯ ತೋಳು ಅಡ್ಡಡ್ಡ ಕತ್ತರಿಸಿಬಿಟ್ಟಿದ್ದೇನೆ. ಅಂಗಡಿ ಹಾಕಿದ ಮೇಲೆ ಇದೇ ಮೊದಲು.

ಏನು ಜನ ಅವರು? ನಮ್ಮ ಮನೆಯ ಹುಡುಗಿಯ ಹೆಸರು ತೆಗೆದು ಇನ್ನೊಬ್ಬಳ ಹೆಸರು ಹಾಕಲು ಅವರು ಯಾರು? ಮೊದಲು ಬ್ಯಾಗ್ ತೆಗೆದುಕೊಂಡು ಬಂದುಬಿಡು ಎಂದು ಬರೆದೆ. ಆ ಹಾಳೆ ಹರಿದೆ. ಯಾಕೆ ಹರಿದೆ ಎಂದರೆ, ನೀನು ಬಂದರೆ ಅವರು ಇನ್ನೊಂದು ಎಡಗೈ ಹುಡುಕಿಕೊಳ್ಳುತ್ತಾರೆ, ನಿನ್ನ ನೆನಪು ಕೂಡ ಯಾರಿಗೂ ಇರುವುದಿಲ್ಲ. ಅದು ನನ್ನಿಂದ ಸಹಿಸಲಾಗುವುದಿಲ್ಲ.

ಸರಿ, ನಕಲಿ ಎಂದರೆ ನಕಲಿ. ಆ ಎಡಗೈಯವಳು ಕ್ಯಾಪ್ಟನ್‌ನನ್ನು ಸೋಲಿಸುತ್ತಾಳೆ ತಾನೆ? ನೀನೂ ಸೋಲಿಸು. ಅವರು ಹೇಳಿಕೊಟ್ಟ ಆಟದಲ್ಲೇ ಅವರ ಹುಡುಗಿಯನ್ನು ಮಣ್ಣು ಮುಕ್ಕಿಸು. ಒಂದು ಪಾಯಿಂಟನ್ನೂ ದಾನ ಮಾಡಬೇಡ. ಯಾರು ಹೇಳಿದರೂ ಬಿಡಬೇಡ. ಎದುರಿಗೆ ನಾನೇ ನಿಂತಿದ್ದರೂ ಬಿಡಬೇಡ.

ಅಕ್ಕ

೧೬ ಆಗಸ್ಟ್

ಅಕ್ಕಾ,

ನಾಳೆ ಕ್ಯಾಪ್ಟನ್ ಆ ಆಗಸ್ಟಿನ ಟೂರ್ನಿಗೆ ಹೊರಡುತ್ತಾಳೆ. ಇವತ್ತು ನಮ್ಮ ಕೊನೆಯ ಆಟ ಇತ್ತು, ಎಲ್ಲರೂ ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದರು.

ಆಟಕ್ಕೆ ಮುಂಚೆ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು, ಇವತ್ತು ನೀನು ಸೋಲಬೇಕು ಎಂದರು. ಕಷ್ಟಪಟ್ಟು ಸೋತ ಹಾಗೆ ಇರಬೇಕು, ಕ್ಯಾಪ್ಟನ್‌ಗೆ ಧೈರ್ಯ ಬರುತ್ತದೆ ಎಂದರು. ನಾನು ಸರಿ ಎಂದೆ. ನಿಜವಾಗಿಯೂ ಸೋಲುವ ಮನಸ್ಸಿನಲ್ಲೇ ಟೇಬಲ್ಲಿಗೆ ಹೋದೆ.

ಮೊದಲ ಪಾಯಿಂಟಿಗೆ ಕ್ಯಾಪ್ಟನ್ ನನ್ನ ಕಡೆ ನೋಡಿ ಮುಗುಳ್ನಕ್ಕಳು. ಇಷ್ಟು ದಿನದಲ್ಲಿ ಮೊದಲ ಸಲ. ನಾನು ಸೋಲುತ್ತೇನೆಂದು ಅವಳಿಗೂ ಹೇಗೋ ಗೊತ್ತಾಗಿತ್ತು. ಅಕ್ಕಾ, ನನಗೆ ಏನಾಯಿತೋ. ನಿನ್ನ ಕಾಗದ ನೆನಪಾಯಿತು ಎನ್ನಲಾರೆ, ಏನೂ ನೆನಪಾಗಲಿಲ್ಲ. ಮೂರು ಗೇಮ್‌ಗಳನ್ನೂ ನಾನೇ ಗೆದ್ದೆ. ಕೊನೆಯದರಲ್ಲಿ ಅವಳಿಗೆ ಎರಡೇ ಪಾಯಿಂಟ್ ಕೊಟ್ಟೆ. ಪ್ರತಿ ಸಲವೂ ಬೆನ್ನು ತಿರುಗಿಸಿ ನಕ್ಕೆ. ಯಾರೂ ಹೇಳಿಕೊಡಬೇಕಾಗಲಿಲ್ಲ.

ಕ್ಯಾಪ್ಟನ್ ಟೇಬಲ್ಲಿನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಬೈಗುಳಕ್ಕೆ ಕಾಯುತ್ತಾ ನಿಂತೆ. ಕೋಚ್ ಹತ್ತಿರ ಬಂದು ನನ್ನ ಮುಖವನ್ನೇ ನೋಡಿದರು. “ನಿನ್ನ ಹೆಸರೇನಮ್ಮ?” ಎಂದು ಕೇಳಿದರು.

ಹೇಳಿದೆ. ಹೇಳಲು ಒಂದು ಕ್ಷಣ ಹಿಡಿಯಿತು.

ಬೆಣ್ಣೆ

೨೫ ಆಗಸ್ಟ್

ಬೆಣ್ಣೆ,

ನಿನ್ನ ಕಾಗದ ಬಂದಾಗ ನಾನು ಅಂಗಡಿಯ ಬಾಗಿಲಲ್ಲೇ ನಿಂತು ಓದಿ ಕೂಗಿದೆ. ಪಕ್ಕದ ಸೈಕಲ್ ಶಾಪಿನವನು ಓಡಿ ಬಂದ. ಅದು ಮಂಗಳವಾರ. ಶುಕ್ರವಾರ ಟಿವಿಯಲ್ಲಿ ಆ ಪಂದ್ಯ ಬಂತು.

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ಹಸಿರು ಅಂಗಿಯವಳು ಒಳಗೆ ಬಂದಳು, ಹೆಬ್ಬೆರಳು ನೆಕ್ಕಿ ಚಡ್ಡಿಗೆ ಒರೆಸಿದಳು. ನೀನು ಎಲ್ಲ ಬರೆದಿದ್ದೆ, ಆದರೂ ಒಂದು ಕ್ಷಣ ನೀನೇ ಎಂದುಕೊಂಡೆ. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಮಂಜುಗಣ್ಣಿನ ಕಥೆ ನಿನಗೆ ಗೊತ್ತಲ್ಲ, ಅದು ನೀನೇ ಎಂದುಕೊಂಡರು. ಅವಳು ಪಾಯಿಂಟ್ ಗೆದ್ದಾಗಲೆಲ್ಲ ನಮ್ಮ ಹುಡುಗಿ, ನಮ್ಮ ಹುಡುಗಿ ಎನ್ನುತ್ತಿದ್ದರು.

ನಾನು ನೋಡಿದ್ದು ಕ್ಯಾಪ್ಟನ್‌ನನ್ನು. ಅವಳು ಚೆಂಡನ್ನು ನೋಡುತ್ತಲೇ ಇರಲಿಲ್ಲ. ಎದುರಿನವಳು ಬೆನ್ನು ತಿರುಗಿಸಿ ನಕ್ಕಾಗ ಅವಳು ಹೊಡೆತ ತಪ್ಪಿಸಿಕೊಳ್ಳುವವರ ಹಾಗೆ ತಲೆ ಬಗ್ಗಿಸುತ್ತಿದ್ದಳು. ಸೋತ ಮೇಲೆ ಕೈ ಕುಲುಕುವುದನ್ನೂ ಮರೆತು ಅಲ್ಲೇ ನಿಂತಿದ್ದಳು, ಯಾರೋ ಬಂದು ತೋಳು ಹಿಡಿದು ಕರೆದುಕೊಂಡು ಹೋದರು. ಅವಳು ಸೋಲಲಿ ಎಂದು ಎಷ್ಟು ತಿಂಗಳಿಂದ ಶಾಪ ಹಾಕಿದವಳು ನಾನು. ಅವಳನ್ನು ಕರೆದುಕೊಂಡು ಹೋದ ಮೇಲೆ ನಾನೇ ಎದ್ದು ಟಿವಿ ಆರಿಸಿಬಿಟ್ಟೆ.

ಅದು ನಮ್ಮವಳಲ್ಲ ಅಪ್ಪಾ, ಹೊರಗಿನವಳು ಎಂದು ಹೇಳಿದೆ. “ಹಾಗಾದ್ರೆ ನಮ್ಮವಳು ಎಲ್ಲಿದ್ದಾಳೆ?” ಎಂದರು.

ನಾಲ್ಕು ದಿನ ರಜಾ ಕೇಳಿ ಬಾ. ಆಟದ ಮಾತು ಎತ್ತುವುದಿಲ್ಲ, ಸುಮ್ಮನೆ ಮಲಗಿಕೊಂಡಿರು. ಆ ಕ್ಯಾಪ್ಟನ್ ವಾಪಸ್ ಬಂದಿದ್ದರೆ ಹೋಗಿ ಒಂದು ಮಾತಾಡಿಸು.

ಅಕ್ಕ

೧೦ ಸೆಪ್ಟೆಂಬರ್

ಬೆಣ್ಣೆ,

ಹಿಂದಿನ ಕಾಗದ ಸಿಕ್ಕಿತಾ? ಆಫೀಸಿಗೆ ಫೋನ್ ಮಾಡಿದೆ, ನೀನು ಅಭ್ಯಾಸದಲ್ಲಿದ್ದೀಯ ಎಂದರು. ಮತ್ತೆ ಮಾಡಿದೆ, ಮನೆಯ ಫೋನ್ ಬೇಡ ಎಂದು ನೀನೇ ಹೇಳಿದ್ದೀಯ ಎಂದರು. ಅವರು ಸುಳ್ಳು ಹೇಳಿದರು ಎಂದುಕೊಂಡಿದ್ದೇನೆ.

ಅಕ್ಕ

೨೭ ಸೆಪ್ಟೆಂಬರ್

ಅಕ್ಕನಿಗೆ,

ಅವರು ಸುಳ್ಳು ಹೇಳಲಿಲ್ಲ. ನಾನೇ ಹೇಳಿದ್ದು. ಮನೆಯವರ ದನಿ ಕೇಳಿದ ದಿನ ನನ್ನ ಆಟ ಸಡಿಲವಾಗುತ್ತದೆ.

ನನ್ನನ್ನು ಸ್ಪರ್ಧೆಗೆ ಸೇರಿಸಿದ್ದಾರೆ. ಈಗ ನೀಲಿ ಅಂಗಿ. ಒಂದು ಜಾಗ ಬೇರೊಬ್ಬಳಿಗೆ ಆಯಿತು. ಇನ್ನೊಂದಕ್ಕೆ ಉಳಿದಿರುವುದು ನಾನು ಮತ್ತು ಕ್ಯಾಪ್ಟನ್. ಅಕ್ಟೋಬರ್ ಕೊನೆಗೆ ನಮ್ಮಿಬ್ಬರಿಗೆ ಒಂದೇ ಪಂದ್ಯ. ಗೆದ್ದವಳು ನವೆಂಬರಿನ ಟೂರ್ನಿಗೆ, ಸೋತವಳು ಮನೆಗೆ.

ಗೆದ್ದು ಹೋದರೆ ಟೂರ್ನಿಯಲ್ಲಿ ನನಗೆ ಮೊದಲು ಸಿಗುವವಳು ಬಲಗೈಯವಳು, ದೂರ ನಿಂತು ಬರೀ ತಡೆಯುವ ಆಟ. ಅವಳ ನಕಲು ಮಾಡಲು ಯಾರು ಬೇಕು ಎಂದು ಕೋಚ್ ಕೇಳಿದರು. ಕ್ಯಾಪ್ಟನ್ ಬೇಕು ಎಂದೆ. ಅವರು ನನ್ನ ಬೆನ್ನು ತಟ್ಟಿ, ಈಗ ನೀನು ಆಟಗಾರ್ತಿ ಆದೆ ಎಂದರು. ಯಾಕೆ ಕೇಳಿದೆ ಎಂದು ಅವರಿಗೆ ಅರ್ಥವಾಯಿತು, ನಿನಗೂ ಆಗಲಿ. ಕ್ಯಾಪ್ಟನ್‌ದು ಹತ್ತಿರ ನಿಂತು ಹೊಡೆಯುವ ಆಟ. ಒಂದು ತಿಂಗಳು ಬೇರೆಯವರ ಆಟ ಆಡಿದರೆ ತನ್ನ ಆಟ ಕೈಬಿಟ್ಟು ಹೋಗುತ್ತದೆ. ಅದು ನನಗಿಂತ ಚೆನ್ನಾಗಿ ಇಲ್ಲಿ ಯಾರಿಗೂ ಗೊತ್ತಿಲ್ಲ.

ಅವಳು ಒಲ್ಲೆ ಎನ್ನಲಿಲ್ಲ. ಒಲ್ಲೆ ಎಂದರೆ ಈಗಲೇ ಮನೆಗೆ ಹೋಗಬೇಕಿತ್ತು. ಈಗ ಊಟಕ್ಕೆ ಒಬ್ಬಳೇ ಕೂರುತ್ತಾಳೆ. ಮಾತಾಡಿಸು ಎಂದು ಬರೆದಿದ್ದೀಯ. ಮಾತಾಡಿಸುವುದಿಲ್ಲ. ಮೊನ್ನೆ ನೀರಿನ ನಲ್ಲಿಯ ಹತ್ತಿರ ನನ್ನನ್ನು ಹೆಸರು ಹಿಡಿದು ಕರೆದಳು. ನಾನು ತಿರುಗಲಿಲ್ಲ.

ನಾನು ರಜಾ ಹಾಕಿ ಬರುವುದಿಲ್ಲ, ನೀನೂ ಬರಬೇಡ. ಸುಳ್ಳೇ ಗಾಬರಿಯಾಗಬೇಡ, ನೀನು ಬಯಸಿದ್ದೂ ಇದೇ. ಬೆಣ್ಣೆ ಎಂದು ಇನ್ನು ಬರೆಯಬೇಡ, ಇಲ್ಲಿ ಕಾಗದಗಳನ್ನು ಎಲ್ಲರ ಎದುರು ಹಂಚುತ್ತಾರೆ.

೪ ಅಕ್ಟೋಬರ್

ಕ್ಯಾಪ್ಟನ್ ಅವರಿಗೆ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಿಮ್ಮ ಎದುರು ಆಡುವ ಎಡಗೈ ಹುಡುಗಿಯ ಅಕ್ಕ. ಬಟ್ಟೆ ಹೊಲಿಯುತ್ತೇನೆ. ಕವರಿನ ಮೇಲೆ ಶಾಲೆಯ ಗೆಳತಿ ಎಂದು ಬರೆದದ್ದು, ನನ್ನ ತಂಗಿಗೆ ಅನುಮಾನ ಬರದಿರಲಿ ಎಂದು. ಅವಳಿಗೆ ನನ್ನ ಅಕ್ಷರ ಗೊತ್ತು, ಅದಕ್ಕೇ ಕವರನ್ನು ಪಕ್ಕದ ಸೈಕಲ್ ಶಾಪಿನವನ ಕೈಯಲ್ಲಿ ಬರೆಸಿದೆ.

ಮೊದಲು ಒಂದು ಮಾತು. ಊಟ ಸರಿಯಾಗಿ ಮಾಡು. ಒಬ್ಬಳೇ ಕೂತಿದ್ದೇನೆ ಎಂದು ಅರ್ಧಕ್ಕೆ ಏಳಬೇಡ. ನೀವು ಎಂದು ಶುರು ಮಾಡಿದ್ದೆ, ನೀನು ಎಂದು ಬಂತು, ಇರಲಿ ಬಿಡು. ನೀನು ಟಿವಿಯಲ್ಲಿ ಕೈ ಕುಲುಕಲು ಮರೆತು ನಿಂತಿದ್ದನ್ನು ನೋಡಿದ ಮೇಲೆ ನನಗೆ ನಿನ್ನನ್ನು ಹೊರಗಿನವಳು ಎಂದುಕೊಳ್ಳಲು ಆಗುತ್ತಿಲ್ಲ.

ಅವಳ ಕಾಗದ ಓದಿದ ದಿನದಿಂದ ನನಗೆ ಮಿಷನ್ನಿನಲ್ಲಿ ದಾರ ಪೋಣಿಸಲು ಆಗುತ್ತಿಲ್ಲ. ಎದುರಿನವಳು ಅಳುತ್ತಾಳೆಂದು ಕಪ್ ಬಿಟ್ಟುಕೊಟ್ಟ ಹುಡುಗಿ ಅದು. ಯಾಕೆ ನಿನ್ನನ್ನು ನಕಲಿ ಮಾಡಿದಳು ಎಂದು ನಿನಗೆ ಗೊತ್ತೋ ಇಲ್ಲವೋ. ನಿನ್ನ ಆಟ ನಿನಗೆ ಮರೆಯಲಿ ಎಂದು. ಆದ್ದರಿಂದ ಕೋಚ್ ಇಲ್ಲದಾಗ, ಯಾರಿಗೂ ಕಾಣದಂತೆ, ದಿನಾ ಸ್ವಲ್ಪ ಹೊತ್ತು ನಿನ್ನ ಹೊಡೆತ ನೀನು ಹೊಡೆ.

ಈಗ ಮುಖ್ಯವಾದದ್ದು ಕೇಳು. ಅವಳು ಆಟ ಕಲಿತದ್ದು ನನ್ನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ನನ್ನ ಜೊತೆ. ಅಂಗಡಿ ಇಕ್ಕಟ್ಟು. ಅವಳು ನಿಲ್ಲುತ್ತಿದ್ದ ಕಡೆ ಎಡಕ್ಕೆ ಗೋಡೆ, ಮೇಜಿಗೂ ಗೋಡೆಗೂ ಮಧ್ಯೆ ಒಬ್ಬರು ನುಸುಳುವಷ್ಟೇ ಜಾಗ. ಎಷ್ಟು ಸಲ ಮೊಳಕೈ ಗೋಡೆಗೆ ಬಡಿದು ಅತ್ತಿದ್ದಾಳೋ, ಊದಿದ್ದು ನಾನೇ. ಇವತ್ತಿಗೂ ಅವಳ ಎಡಕ್ಕೆ, ಮೇಜಿನ ಮೂಲೆಯಿಂದ ಆಚೆ ಹೋಗುವ ಚೆಂಡಿಗೆ ಅವಳು ತೋಳು ಪೂರ್ತಿ ಚಾಚುವುದಿಲ್ಲ. ಅಲ್ಲಿ ಗೋಡೆ ಇಲ್ಲ ಎಂದು ಅವಳಿಗೆ ಗೊತ್ತು, ಅವಳ ಮೊಳಕೈಗೆ ಗೊತ್ತಿಲ್ಲ. ನಿಮ್ಮ ಕೋಚ್ ಇದನ್ನು ಕಂಡಿರಲಾರರು, ಅವರು ಅವಳನ್ನು ಇನ್ನೊಬ್ಬಳನ್ನಾಗಿ ಮಾಡುವುದರಲ್ಲೇ ಇದ್ದರು. ಮೊದಲು ಎರಡು ಚೆಂಡು ಅವಳ ಬಲಕ್ಕೆ ಹಾಕು, ಮೂರನೆಯದು ಎಡಗಡೆಯ ಅಂಚಿಗೆ ಹೊಡೆ. ಪ್ರತಿ ಸಲವೂ ಅಲ್ಲೇ ಹೊಡೆ.

ಅವಳು ಗೆಲ್ಲಬೇಕೆಂದು ನಾನು ಹತ್ತು ವರ್ಷ ಅವಳ ಹಿಂದೆ ಬಿದ್ದೆ. ಈ ಕಾಗದ ಅವಳಿಗೆ ಗೊತ್ತಾದರೆ ಜನ್ಮದಲ್ಲಿ ನನ್ನ ಮುಖ ನೋಡಲಾರಳು. ಆದರೂ ಬರೆಯುತ್ತಿದ್ದೇನೆ. ಸೋತರೆ ಅವಳನ್ನು ಮನೆಗೆ ಕಳಿಸುತ್ತಾರೆ. ನನಗೆ ಅವಳು ಮನೆಗೆ ಬರಬೇಕು.

ಅವಳನ್ನು ಸೋಲಿಸು. ಅವಳು ಅತ್ತರೂ ಬಿಡಬೇಡ.

ಇಂತಿ,
ನಿನ್ನ ಎದುರಾಳಿಯ ಅಕ್ಕ